ಹೊಸ್ತಿಲ ಕೆಳಗೆ ಸಿಕ್ಕಿದ ಅಕ್ಷರಗಳ ಬಿಲ್ಲೆ: ಇದು ಮಾಟವಾ?

ಪ್ರಶ್ನೆ: "ಸರ್, ಕಾರ್ಕಳದ ಹತ್ತಿರ ನಾವೊಂದು ಹಳೇ ಮನೆ ತೆಗೆದುಕೊಂಡಿದ್ದೇವೆ. ಕ್ರಿಶ್ಚಿಯನ್ ಕುಟುಂಬದ ಮನೆ, 1960ರ ಆಸುಪಾಸಿನಲ್ಲಿ ಕಟ್ಟಿದ್ದು. ಗಂಡ ತೀರಿಕೊಂಡ ಮೇಲೆ ಅಲ್ಲಿದ್ದ ಅಜ್ಜಿ ನಮಗೆ ಮಾರಿ ಮಗಳ ಮನೆಗೆ ಹೋದರು. ಕಳೆದ ತಿಂಗಳು ಗೆದ್ದಲು ಹಿಡಿದ ಹೊಸ್ತಿಲು ಕೀಳಿಸಿದಾಗ ಕೆಳಗಿನ ಗಾರೆಯಲ್ಲಿ ಒಂದು ದುಂಡನೆಯ ಬಿಲ್ಲೆ ಸಿಕ್ಕಿತು. ಎರಡು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು, ತುಂಬಾ ಹಗುರ. ಒಂದು ಕಡೆ ಗಡ್ಡದ ಸನ್ಯಾಸಿ, ಅವರ ಒಂದು ಪಕ್ಕ ಬಟ್ಟಲಿನಿಂದ ಹಾವಿನಂಥದ್ದು ಹೊರಗೆ ಬರುತ್ತಿದೆ, ಇನ್ನೊಂದು ಪಕ್ಕ ಕಾಗೆ. ಮತ್ತೊಂದು ಕಡೆ ಶಿಲುಬೆ, ಅದರ ಮೇಲೂ ಸುತ್ತಲೂ ಬಿಡಿ ಬಿಡಿ ಇಂಗ್ಲಿಷ್ ಅಕ್ಷರಗಳು. ಯಾವ ಪದವೂ ಆಗುವುದಿಲ್ಲ. ಮೇಲೆಲ್ಲ ಬೂದಿ ಬಳಿದ ಹಾಗೆ ಬಿಳಿ, ಅಲ್ಲಲ್ಲಿ ಕುಂಕುಮದ ಥರ ಕೆಂಪು. ಶಿಲುಬೆ ಇರುವ ಕಡೆ ಕೆಳಮುಖವಾಗಿತ್ತು. ನೋಡಿದವರೊಬ್ಬರು ಇದು ಮಾಟ, ಹಾವು ಅಂದರೆ ನಾಗದೋಷ, ಕಾಗೆ ಅಂದರೆ ಪಿತೃದೋಷ, ನಾಲ್ಕು ಮೂಲೆಯಲ್ಲೂ ಇಟ್ಟಿರುತ್ತಾರೆ, ತೆಗೆಸಲು 35 ಸಾವಿರ ಆಗುತ್ತದೆ ಅಂದರು. ಅದೇ ವಾರ ಮಗನಿಗೆ ಜ್ವರ ಕೆಮ್ಮು ಬಂತು. ಇನ್ನೊಬ್ಬರು 1880ರ ಪದಕ, ಲಕ್ಷ ಬೆಲೆ ಬಾಳುತ್ತದೆ ಅನ್ನುತ್ತಾರೆ. ಮನೆಯಲ್ಲಿ ಎಲ್ಲರಿಗೂ ಈಗ ಆ ಅಜ್ಜಿ ಮೇಲೆ ಅನುಮಾನ. ಏನು ಮಾಡಲಿ?"

ಉತ್ತರ: ನೇರ ಉತ್ತರ ಮೊದಲು, ಕಥೆ ಆಮೇಲೆ. ಇದು ಮಾಟ ಅಲ್ಲ. ನೀವು ಕಳಿಸಿದ ಎರಡು ಫೋಟೋ ನೋಡಿದ ಕೂಡಲೇ ಗೊತ್ತಾಯಿತು. ಇದು ಸಂತ ಬೆನೆಡಿಕ್ಟರ ಪದಕ. ಜಗತ್ತಿನ ಕ್ಯಾಥೊಲಿಕ್ ಮನೆಗಳಲ್ಲಿ ಅತಿ ಹೆಚ್ಚು ಕಾಣಸಿಗುವ ಪದಕಗಳಲ್ಲಿ ಇದೂ ಒಂದು. ಜಪಮಾಲೆಯ ತುದಿಯಲ್ಲಿ, ಶಿಲುಬೆಯ ನಡುವೆ, ಬಾಗಿಲ ಮೇಲೆ, ಮನೆ ಕಟ್ಟುವಾಗ ಪಾಯದೊಳಗೆ, ಎಲ್ಲ ಕಡೆ ಇಡುತ್ತಾರೆ. ನಾವು ಶಂಕುಸ್ಥಾಪನೆಗೆ ನವಧಾನ್ಯ, ಪಂಚಲೋಹ, ಒಂದು ಬೆಳ್ಳಿ ನಾಣ್ಯ ಹಾಕುವುದಿಲ್ಲವಾ, ಹಾಗೇ. ಇಟ್ಟವರು ತಮ್ಮ ಮನೆಗೆ, ತಮ್ಮ ಮಕ್ಕಳಿಗೆ ಒಳ್ಳೆಯದಾಗಲಿ ಅಂತ ಇಟ್ಟಿದ್ದು. ಅರವತ್ತು ವರ್ಷದ ಹಿಂದೆ ಹೊಸ್ತಿಲು ಕೂರಿಸುವಾಗ ನೀವು ಯಾರು ಅಂತಲೇ ಅವರಿಗೆ ಗೊತ್ತಿರಲಿಲ್ಲ. ನಿಮಗೆ ಯಾಕೆ ಕೆಟ್ಟದ್ದು ಬಯಸುತ್ತಾರೆ?

ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಕಳವಳ ಆಗಿದ್ದು ಬಿಲ್ಲೆಯ ಬಗ್ಗೆ ಅಲ್ಲ. ಕೊನೆಗೆ ಸುಮ್ನೆ ಹೇಳಿ ಬಿಟ್ಟಿದ್ದೀರಲ್ಲ, ಎಲ್ಲರಿಗೂ ಅಜ್ಜಿ ಮೇಲೆ ಅನುಮಾನ ಅಂತ, ಅದು. ಯಾಕೆ ಅಂತ ಮುಂದೆ ಹೇಳುತ್ತೇನೆ, ಈ ಪದಕದ ಚರಿತ್ರೆಯಲ್ಲೇ ಅದಕ್ಕೊಂದು ಕಾರಣ ಇದೆ.

ಮೊದಲು ಅಕ್ಷರಗಳು. ಹಳೇ ನಾಣ್ಯ, ಪದಕ, ಇಗರ್ಜಿಗಳ ಹಳೇ ಸಾಮಾನು ನೋಡಿ ಪಟ್ಟಿ ಮಾಡುವುದು ನನ್ನ ಕೆಲಸ. ಇಪ್ಪತ್ತು ವರ್ಷದಲ್ಲಿ ಈ ಅಕ್ಷರಗಳ ಫೋಟೋ ಹಿಡಿದುಕೊಂಡು ಬಂದವರು ಬಹಳ ಮಂದಿ, ಅವರಲ್ಲಿ ಕ್ಯಾಥೊಲಿಕರೂ ಇದ್ದರು. ಹಾಗಾಗಿ ಓದಲು ಬರಲಿಲ್ಲ ಅಂತ ನಾಚಿಕೆ ಬೇಡ. ಇವು ಇಂಗ್ಲಿಷ್ ಅಲ್ಲ, ಲ್ಯಾಟಿನ್. ಒಂದೊಂದು ಅಕ್ಷರವೂ ಒಂದೊಂದು ಪದದ ಮೊದಲಕ್ಷರ. ನಾವು ಚೀಟಿ ಮೇಲೆ "ಶ್ರೀ" ಬರೆದು ಸುಮ್ಮನಾಗುವುದಿಲ್ಲವಾ, ಹಾಗೆ ಜಾಗ ಸಾಲದೆ ಮಾಡಿದ ಉಳಿತಾಯ.

ಬಿಲ್ಲೆಯನ್ನು ಶಿಲುಬೆ ಕಾಣುವ ಹಾಗೆ ಹಿಡಿದುಕೊಳ್ಳಿ. ಮೇಲಿನಿಂದ ಕೆಳಗೆ ಇರುವ ಐದು ಅಕ್ಷರ: ಸಿ, ಎಸ್, ಎಸ್, ಎಂ, ಎಲ್. ಅದು "ಕ್ರುಕ್ಸ್ ಸಾಕ್ರಾ ಸಿತ್ ಮಿಹಿ ಲುಕ್ಸ್". ಪವಿತ್ರ ಶಿಲುಬೆ ನನಗೆ ಬೆಳಕಾಗಲಿ. ಅಡ್ಡಕ್ಕೆ ಎನ್, ಡಿ, ಎಸ್, ಎಂ, ಡಿ. ನಡುವಿನ ಎಸ್ ಎರಡಕ್ಕೂ ಒಂದೇ. ಅದು "ನೊನ್ ದ್ರಾಕೊ ಸಿತ್ ಮಿಹಿ ದುಕ್ಸ್". ಘಟಸರ್ಪ ನನ್ನ ಮುಂದಾಳು ಆಗದಿರಲಿ. ಲುಕ್ಸ್, ದುಕ್ಸ್ ಅಂತ ಪ್ರಾಸ ಕೂಡ ಇದೆ ನೋಡಿ, ಮಕ್ಕಳಿಗೆ ಬಾಯಿಪಾಠ ಮಾಡಿಸಿದ ಹಾಗೆ. ಶಿಲುಬೆಯ ನಾಲ್ಕು ಮೂಲೆಯಲ್ಲಿ ಇರುವ ಸಿ, ಎಸ್, ಪಿ, ಬಿ ಅಂದರೆ "ತಂದೆ ಸಂತ ಬೆನೆಡಿಕ್ಟರ ಶಿಲುಬೆ", ಅಷ್ಟೇ. ನೆತ್ತಿಯ ಮೇಲೆ "ಪಾಕ್ಸ್" ಅಂತ ಇದೆ. ಶಾಂತಿ.

ಈಗ ನಿಮ್ಮನ್ನು ಹೆದರಿಸಿದ ಸುತ್ತಿನ ಸಾಲು. ಬಲಗಡೆಯಿಂದ ಶುರು ಮಾಡಿ ಗಡಿಯಾರದ ಮುಳ್ಳಿನ ಹಾಗೆ ಓದಬೇಕು. ವಿ, ಆರ್, ಎಸ್, ಎನ್, ಎಸ್, ಎಂ, ವಿ. ಆಮೇಲೆ ಎಸ್, ಎಂ, ಕ್ಯೂ, ಎಲ್, ಐ, ವಿ, ಬಿ. "ವಾದೆ ರೆತ್ರೊ ಸಾತಾನಾ, ನುಂಕ್ವಾಂ ಸ್ವಾದೆ ಮಿಹಿ ವಾನಾ. ಸುಂತ್ ಮಾಲಾ ಕ್ವೆ ಲಿಬಾಸ್, ಇಪ್ಸೆ ವೆನೇನಾ ಬಿಬಾಸ್." ನಮ್ಮ ಮಾತಲ್ಲಿ ಹೇಳುವುದಾದರೆ: ಹಿಂದೆ ಸರಿ ಸೈತಾನ, ಪೊಳ್ಳು ಮಾತು ಹೇಳಿ ನನ್ನನ್ನು ಪುಸಲಾಯಿಸಬೇಡ. ನೀನು ಕುಡಿಸಲು ಬರುವುದೆಲ್ಲ ಕೆಟ್ಟದ್ದು, ನಿನ್ನ ವಿಷ ನೀನೇ ಕುಡಿ.

ಬೈಗುಳವೇ ಹೌದು, ಆದರೆ ಯಾರಿಗೆ ಬೈದಿದ್ದು ನೋಡಿ. ಮನೆಗೆ ಬರುವವರಿಗಲ್ಲ, ಮನೆ ತೆಗೆದುಕೊಂಡವರಿಗಲ್ಲ. ನಮ್ಮ ಕಡೆ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆಯುತ್ತಿದ್ದರಲ್ಲ, ಆ ಜಾತಿಗೆ ಸೇರಿದ ಮಾತು ಇದು.

ಇನ್ನು ಬೂದಿ ಮತ್ತು ಕುಂಕುಮ. ಇದನ್ನು ಓದಿದಾಗ ನನಗೆ ಸ್ವಲ್ಪ ನಗು ಬಂತು, ಬೇಸರ ಮಾಡಿಕೊಳ್ಳಬೇಡಿ. ತುಂಬಾ ಹಗುರ ಅಂತ ನೀವೇ ಬರೆದಿದ್ದೀರಿ. ಫೋಟೋದಲ್ಲಿ ಉಜ್ಜಿದ ಅಂಚು ಬೂದು ಬಿಳುಪಾಗಿ ಹೊಳೆಯುತ್ತಿದೆ. ಅದು ಅಲ್ಯೂಮಿನಿಯಂ. ಅಲ್ಯೂಮಿನಿಯಂ ಮತ್ತು ಹಸಿ ಸುಣ್ಣಕ್ಕೆ ಆಗಿಬರುವುದಿಲ್ಲ. ಸುಣ್ಣದ ಗಾರೆ ಇರಲಿ, ಸಿಮೆಂಟ್ ಇರಲಿ, ಹಸಿ ಇದ್ದಾಗ ಕ್ಷಾರವಾಗಿರುತ್ತದೆ, ಆ ಕ್ಷಾರ ಅಲ್ಯೂಮಿನಿಯಂ ಮೈಯನ್ನು ತಿಂದು ಬಿಳೀ ಪುಡಿ ಎಬ್ಬಿಸುತ್ತದೆ. ನಿಮ್ಮ ಭಸ್ಮ ಅದು. ಗಾರೆ ಒಣಗಿದ ಮೇಲೂ ಪ್ರತಿ ಮಳೆಗಾಲದ ತೇವ ಆ ಕೆಲಸವನ್ನು ಸ್ವಲ್ಪ ಸ್ವಲ್ಪ ಮುಂದುವರಿಸಿರಬೇಕು, ಕರಾವಳಿಯ ಮಳೆ ನಿಮಗೆ ಹೇಳಬೇಕಾಗಿಲ್ಲ. ಕೆಂಪು ಬಣ್ಣಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ, ನಿಮ್ಮ ಮನೆ ಮುರಕಲ್ಲಿನದು, ಅಂದರೆ ಕೆಂಪು ಜಂಬಿಟ್ಟಿಗೆಯದು. ಮುರಕಲ್ಲಿನ ಪುಡಿ ಒದ್ದೆ ಆದರೆ ಯಾವುದಕ್ಕೆ ಬೇಕಾದರೂ ಕುಂಕುಮ ಹಚ್ಚುತ್ತದೆ, ಬಟ್ಟೆ ತೊಳೆಯುವವರನ್ನು ಕೇಳಿ.

ತೊಳೆಯುವುದಾದರೆ ಉಗುರು ಬೆಚ್ಚಗಿನ ನೀರು, ಸ್ವಲ್ಪ ಪಾತ್ರೆ ಸೋಪು, ಮೆತ್ತಗಿನ ಹಳೇ ಹಲ್ಲುಜ್ಜುವ ಬ್ರಷ್ಷು. ಅಷ್ಟು ಸಾಕು. ಹುಣಸೆಹಣ್ಣು, ನಿಂಬೆಹಣ್ಣು ಮುಟ್ಟಿಸಬೇಡಿ. ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಒಂದು ಹಿತ್ತಾಳೆ ಪದಕವನ್ನು ಹುಣಸೆ ನೀರಲ್ಲಿ ನೆನೆಹಾಕಿ, ದೇವರ ದೀಪ ತಿಕ್ಕಿದ ಹಾಗೆ ತಿಕ್ಕಿಬಿಟ್ಟಿದ್ದೆ. ಪಳಪಳ ಹೊಳೆಯಿತು. ನೂರು ವರ್ಷದ ಬಣ್ಣ ಹತ್ತು ನಿಮಿಷದಲ್ಲಿ ಹೋಯಿತು, ಸಂತನ ಮೂಗೂ ಅರ್ಧ ಹೋಯಿತು. ಅದು ಇವತ್ತಿಗೂ ನನ್ನ ಮೇಜಿನ ಡ್ರಾಯರಿನಲ್ಲಿ ಇದೆ, ಬುದ್ಧಿ ಇರಲಿ ಅಂತ.

ಹಾವು, ಕಾಗೆ. ನಾಗದೋಷ, ಪಿತೃದೋಷ ಅಂತ ಹೇಳಿದವರು ಬೇಕೆಂದೇ ಸುಳ್ಳು ಹೇಳಿದರು ಅಂತ ನಾನು ಹೇಳುವುದಿಲ್ಲ. ನಮ್ಮ ಕಣ್ಣಿಗೆ ಹಾವು ಕಂಡರೆ ನಾಗ, ಕಾಗೆ ಕಂಡರೆ ಪಿತೃಗಳು. ತುಳುನಾಡಿನಲ್ಲಿ ಬೇರೆ ಥರ ಓದುವುದೇ ಕಷ್ಟ. ಆದರೆ ಈ ಹಾವು, ಈ ಕಾಗೆ ಎರಡೂ ಇಟಲಿಯವು.

ಬೆನೆಡಿಕ್ಟ್ ಹುಟ್ಟಿದ್ದು ಸುಮಾರು 480ರಲ್ಲಿ, ಇಟಲಿಯ ನೂರ್ಸಿಯಾದಲ್ಲಿ. ಈಗ ಅದನ್ನು ನೋರ್ಚಾ ಅನ್ನುತ್ತಾರೆ. ಓದಲು ರೋಮಿಗೆ ಹೋದ ಹುಡುಗ ಅಲ್ಲಿನ ರೀತಿ ರಿವಾಜು ಹಿಡಿಸದೆ ಬಿಟ್ಟು ಹೋಗಿ ಸುಬಿಯಾಕೊ ಎಂಬಲ್ಲಿ ಒಂದು ಗುಹೆಯಲ್ಲಿ ಮೂರು ವರ್ಷ ಕೂತ. ಹತ್ತಿರದ ಒಂದು ಮಠದವರು ಬಂದು ನಮ್ಮ ಗುರುಗಳಾಗಿ ಅಂತ ಕಾಲು ಹಿಡಿದರು. ಹೋದರು. ಆದರೆ ಶಿಸ್ತು ಜಾಸ್ತಿ ಆಯಿತು, ಕರೆದವರಿಗೇ ಸಾಕಾಯಿತು. ದ್ರಾಕ್ಷಾರಸಕ್ಕೆ ವಿಷ ಬೆರೆಸಿ ತಂದುಕೊಟ್ಟರು. ಬೆನೆಡಿಕ್ಟ್ ಪದ್ಧತಿಯ ಪ್ರಕಾರ ಅದರ ಮೇಲೆ ಶಿಲುಬೆ ಗುರುತು ಮಾಡಿದರು, ಕಲ್ಲು ಬಿದ್ದ ಹಾಗೆ ಪಾತ್ರೆ ಒಡೆದುಹೋಯಿತು. ಇದು ಬಟ್ಟಲಿನ ಕಥೆ. ಅದರಿಂದ ಹೊರಗೆ ಬರುವ ಹಾವು ಅಂದರೆ ವಿಷ. ಚಿತ್ರ ಬಿಡಿಸುವವರು ವಿಷವನ್ನು ಬೇರೆ ಹೇಗೆ ತೋರಿಸಬೇಕು ಹೇಳಿ.

ಕಾಗೆಯದ್ದು ಇನ್ನೂ ಚಂದ. ಹೊಟ್ಟೆಕಿಚ್ಚಿನ ಪಾದ್ರಿಯೊಬ್ಬ ವಿಷ ಹಾಕಿದ ರೊಟ್ಟಿ ಕಳಿಸಿದ. ದಿನಾ ಊಟದ ಹೊತ್ತಿಗೆ ಕಾಡಿನಿಂದ ಒಂದು ಕಾಗೆ ಬಂದು ಬೆನೆಡಿಕ್ಟರ ಕೈಯಿಂದ ರೊಟ್ಟಿ ತಿನ್ನುತ್ತಿತ್ತು. ಇದನ್ನು ಯಾರಿಗೂ ಸಿಗದ ಕಡೆ ಒಯ್ದು ಬಿಸಾಕಿ ಬಾ ಅಂತ ಅದಕ್ಕೆ ಹೇಳಿದರಂತೆ. ಕಾಗೆ ಬಾಯಿ ತೆರೆದು, ರೆಕ್ಕೆ ಬಿಚ್ಚಿ, ರೊಟ್ಟಿಯ ಸುತ್ತ ಓಡಾಡಿ ಕೂಗಿತಂತೆ. ಹೇಳಿದ್ದು ಕೇಳಬೇಕು ಅಂತ ಇದೆ, ಮುಟ್ಟಲು ಭಯ. ಕೊನೆಗೆ ಕಚ್ಚಿಕೊಂಡು ಹಾರಿತು, ಬಿಸಾಕಿ ವಾಪಸ್ ಬಂದು ತನ್ನ ಪಾಲಿನ ರೊಟ್ಟಿ ತಿಂದಿತು. ಇದನ್ನೆಲ್ಲ ಬರೆದಿಟ್ಟವರು ಪೋಪ್ ಒಂದನೇ ಗ್ರೆಗೊರಿ, ಬೆನೆಡಿಕ್ಟ್ ತೀರಿಕೊಂಡ ಸುಮಾರು ಐವತ್ತು ವರ್ಷದ ಮೇಲೆ. ನಡೆದಿದ್ದೆಷ್ಟು, ಭಕ್ತಿಯಿಂದ ಸೇರಿದ್ದೆಷ್ಟು ಅಂತ ಬೇರ್ಪಡಿಸುವುದು ಕಷ್ಟ. ನಮಗೆ ಇಲ್ಲಿ ಬೇಕಾಗಿದ್ದು ಇಷ್ಟೇ: ಪದಕದ ಮೇಲಿನ ಹಾವೂ ಕಾಗೆಯೂ ವಿಷ ತಪ್ಪಿದ ಕಥೆಗೆ ಸೇರಿದವು.

ಸನ್ಯಾಸಿಯ ಸುತ್ತ ಇರುವ ಉದ್ದನೆಯ ಸಾಲು ಪೂರ್ತಿ ಪದಗಳಲ್ಲಿದೆ, ಅದನ್ನೂ ಹೇಳಿಬಿಡುತ್ತೇನೆ. "ನಮ್ಮ ಸಾವಿನ ಹೊತ್ತಿನಲ್ಲಿ ಅವರು ಜೊತೆಗಿದ್ದು ನಮಗೆ ಬಲ ಬರಲಿ." ಬೆನೆಡಿಕ್ಟ್ ಸುಮಾರು 547ರಲ್ಲಿ ಮೊಂತೆ ಕಸಿನೊ ಬೆಟ್ಟದ ಮೇಲಿನ ತಮ್ಮ ಮಠದಲ್ಲಿ, ಶಿಷ್ಯರು ಎರಡೂ ಕಡೆ ಹಿಡಿದುಕೊಂಡಿರುವಾಗ, ನಿಂತುಕೊಂಡೇ ಪ್ರಾರ್ಥನೆ ಮಾಡುತ್ತಾ ಪ್ರಾಣ ಬಿಟ್ಟರು ಅಂತ ಗ್ರೆಗೊರಿ ಬರೆಯುತ್ತಾರೆ. ಅದಕ್ಕೇ ಒಳ್ಳೆಯ ಸಾವು ಬರಲಿ ಅಂತ ಬೇಡಿಕೊಳ್ಳುವವರಿಗೆ ಇವರು ಬೇಕು. ನಮ್ಮ ಅಜ್ಜಿಯಂದಿರು "ಅನಾಯಾಸೇನ ಮರಣಂ" ಅನ್ನುತ್ತಿದ್ದರಲ್ಲ, ಹಾಗೆ.

ಈಗ ಪದಕ ಎಲ್ಲಿಂದ ಬಂತು ಅನ್ನುವುದು. ಬೆನೆಡಿಕ್ಟರ ಕಾಲದಲ್ಲಿ ಇದು ಇರಲಿಲ್ಲ. ಇದು ಹೆಸರು ಮಾಡಿದ್ದು ಅವರಾಗಿ ಸಾವಿರ ವರ್ಷ ಕಳೆದ ಮೇಲೆ, ಜರ್ಮನಿಯ ಬವೇರಿಯಾದಲ್ಲಿ. ಅದೂ, ಕೇಳಿ, ಒಂದು ಮಾಟದ ಆರೋಪದಿಂದ.

1647. ಯುರೋಪಿನಲ್ಲಿ ಮೂವತ್ತು ವರ್ಷದ ಯುದ್ಧ ಇನ್ನೂ ಮುಗಿದಿರಲಿಲ್ಲ. ಬರ, ರೋಗ, ಸಾವು. ಊರಿಗೆ ಕೆಟ್ಟದ್ದು ಬಂದಾಗ ಯಾರನ್ನಾದರೂ ಹಿಡಿಯಬೇಕಲ್ಲ, ಹೆಂಗಸರನ್ನು ಹಿಡಿಯುತ್ತಿದ್ದರು. ಮೆಟ್ಟೆನ್ ಎಂಬ ಬೆನೆಡಿಕ್ಟೈನ್ (ಬೆನೆಡಿಕ್ಟರ ಪಂಥದ ಸನ್ಯಾಸಿಗಳ) ಮಠದ ಹತ್ತಿರ ನಾಟರ್ನ್‌ಬೆರ್ಗ್‌ನಲ್ಲಿ ಕೆಲವು ಹೆಂಗಸರ ಮೇಲೆ ಮಾಟ ಮಾಡಿದರೆಂದು ವಿಚಾರಣೆ ನಡೆಯಿತು. ಆ ಕಾಲದ ಇಂಥ ವಿಚಾರಣೆಗಳಲ್ಲಿ ಹಿಂಸೆ ಕೊಟ್ಟು ಬಾಯಿ ಬಿಡಿಸುವುದು ಮಾಮೂಲಿ, ಹೀಗಾಗಿ ಅಲ್ಲಿ ಹೇಳಿಸಿದ ಮಾತಿಗೆ ಎಷ್ಟು ಬೆಲೆ ಕೊಡಬೇಕು ನೀವೇ ಯೋಚಿಸಿ. ಅವರು ಹೇಳಿದರೆಂದು ದಾಖಲಾಗಿರುವುದು ಇದು: ಮೆಟ್ಟೆನ್ ಮಠದ ಮೇಲೆ ಮಾತ್ರ ನಮ್ಮದೇನೂ ನಡೆಯಲಿಲ್ಲ, ಅದು ಶಿಲುಬೆಯ ರಕ್ಷಣೆಯಲ್ಲಿದೆ.

ಮಠದವರು ಹುಡುಕಿದರು. ಗೋಡೆಗಳ ಮೇಲೆ ಅಲ್ಲಲ್ಲಿ ಹಳೇ ಶಿಲುಬೆಗಳ ಚಿತ್ರ ಇತ್ತು, ಸುತ್ತ ಇದೇ ಅಕ್ಷರಗಳು. ತಮಾಷೆ ಏನು ಗೊತ್ತಾ, ಅದೇ ಮಠದಲ್ಲಿ ದಿನಾ ಓಡಾಡುತ್ತಿದ್ದ, ಲ್ಯಾಟಿನ್ ಅರೆದು ಕುಡಿದಿದ್ದ ಸನ್ಯಾಸಿಗಳಿಗೇ ಅವುಗಳ ಅರ್ಥ ಗೊತ್ತಿರಲಿಲ್ಲ. ಕೊನೆಗೆ ಪುಸ್ತಕ ಭಂಡಾರದಲ್ಲಿ 1415ರ ಒಂದು ಕೈಬರಹದ ಪುಸ್ತಕ ಸಿಕ್ಕಿತು. ಅದರಲ್ಲಿ ಬೆನೆಡಿಕ್ಟರ ಚಿತ್ರ, ಒಂದು ಕೈಯಲ್ಲಿ ಶಿಲುಬೆಯ ಕೋಲು, ಇನ್ನೊಂದು ಕೈಯಲ್ಲಿ ಸುರುಳಿ, ಅದರ ಮೇಲೆ ನಾನು ಮೇಲೆ ಹೇಳಿದ ಸಾಲುಗಳು. ಆಗ ಗಂಟು ಬಿಚ್ಚಿತು. ಆಮೇಲೆ ಜರ್ಮನಿಯಲ್ಲಿ ಈ ಅಕ್ಷರಗಳ ಪದಕ ಅಚ್ಚು ಹಾಕಿದರು, ಕ್ಯಾಥೊಲಿಕ್ ಯುರೋಪಿನ ತುಂಬ ಹರಡಿತು. ಪೋಪ್ ಹದಿನಾಲ್ಕನೇ ಬೆನೆಡಿಕ್ಟ್ 1741ರ ಡಿಸೆಂಬರ್ ಮತ್ತು 1742ರ ಮಾರ್ಚ್‌ನಲ್ಲಿ ಎರಡು ಆದೇಶ ಹೊರಡಿಸಿ ಇದಕ್ಕೆ ಅಧಿಕೃತ ಒಪ್ಪಿಗೆ ಕೊಟ್ಟರು.

ಆ ಹೆಂಗಸರನ್ನು ಯಾಕೆ ನೆನಪಿಸಿದೆ ಅಂದರೆ, 1647ರಲ್ಲಿ ಅವರ ಮೇಲೆ ಬಂದ ಮಾತೇ ಈಗ ನಿಮ್ಮ ಮನೆಯಲ್ಲಿ ಆ ಅಜ್ಜಿ ಮೇಲೆ ಬರುತ್ತಿದೆ. ಅದೂ ಅದೇ ಅಕ್ಷರಗಳ ಕಾರಣಕ್ಕೆ. ಗಂಡ ಸತ್ತ, ಮನೆ ಮಾರಿದ, ಊರಲ್ಲಿ ಇಲ್ಲದ ಮುದುಕಿ. ಹಿಡಿಯಲು ಬಹಳ ಸುಲಭ. ಊರಲ್ಲಿ ಇಂಥ ಮಾತು ಒಮ್ಮೆ ಹೊರಗೆ ಬಿದ್ದರೆ ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ, ನಿಮಗೂ ಗೊತ್ತು.

ಸರಿ, ಲಕ್ಷ ರೂಪಾಯಿ ವಿಷಯ. ಸನ್ಯಾಸಿಯ ಕಾಲ ಕೆಳಗೆ ಸಣ್ಣಕ್ಕೆ ಎಂ, ಡಿ, ಸಿ, ಸಿ, ಸಿ, ಎಲ್, ಎಕ್ಸ್, ಎಕ್ಸ್, ಎಕ್ಸ್ ಅಂತ ಇದೆ. ರೋಮನ್ ಅಂಕಿ, 1880. ನಿಮ್ಮ ಸ್ನೇಹಿತರು ಸರಿಯಾಗಿಯೇ ಓದಿದ್ದಾರೆ. ಆದರೆ ಅದು ಬಿಲ್ಲೆ ಮಾಡಿದ ವರ್ಷ ಅಲ್ಲ. ಬೆನೆಡಿಕ್ಟ್ ಹುಟ್ಟಿ 1400 ವರ್ಷ ಆಯಿತೆಂದು ಮೊಂತೆ ಕಸಿನೊ ಮಠದವರು 1880ರಲ್ಲಿ ಹೊಸ ವಿನ್ಯಾಸ ಮಾಡಿಸಿದರು. ಜರ್ಮನಿಯ ಬೊಯ್ರೋನ್ ಮಠದ ಕಲಾವಿದರ ಶೈಲಿ, ಅದಕ್ಕೇ ಸನ್ಯಾಸಿ ಅಷ್ಟು ನೆಟ್ಟಗೆ, ಕಂಬದ ಹಾಗೆ ನಿಂತಿರುವುದು. ಆ ವಿನ್ಯಾಸ ಎಷ್ಟು ಹಿಡಿಸಿತೆಂದರೆ ಅಲ್ಲಿಂದ ಇಲ್ಲಿಯವರೆಗೂ ಅದೇ ನಡೆದಿದೆ. ಇವತ್ತು ಬೆಳಿಗ್ಗೆ ಕಾರ್ಖಾನೆಯಿಂದ ಹೊರಬಿದ್ದ ಪದಕದ ಮೇಲೂ 1880 ಇರುತ್ತದೆ. ಅದಕ್ಕೂ ಹಳೆಯ ಪದಕಗಳಲ್ಲಿ ನೆತ್ತಿಯ ಮೇಲೆ ಪಾಕ್ಸ್ ಬದಲು ಐ, ಎಚ್, ಎಸ್ ಅಂತ ಯೇಸುವಿನ ಹೆಸರಿನ ಗುರುತು ಇರುವುದೇ ಹೆಚ್ಚು.

ಇನ್ನೂ ಒಂದು ಸುಳಿವು ಲೋಹದಲ್ಲೇ ಇದೆ. ಅಲ್ಯೂಮಿನಿಯಂ ಅಗ್ಗವಾಗಿ ತೆಗೆಯುವ ದಾರಿ ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂಗೆ ಹೊಳೆದಿದ್ದು 1886ರಲ್ಲಿ. ಅದಕ್ಕೆ ಮೊದಲು ಅದು ದುಬಾರಿ ಲೋಹ, ಬಡವರ ಪದಕಕ್ಕೆ ಯಾರೂ ಬಳಸುತ್ತಿರಲಿಲ್ಲ. ಅಂದ ಮೇಲೆ ನಿಮ್ಮ ಬಿಲ್ಲೆ 1880ರದ್ದು ಆಗಿರುವ ಸಂಭವ ಇಲ್ಲವೆಂದೇ ಹೇಳಬೇಕು. ಮನೆ ಕಟ್ಟಿದ ಕಾಲಕ್ಕೆ, ಅಂದರೆ 1960ರ ಹತ್ತಿರಕ್ಕೆ, ಸರಿಹೊಂದುತ್ತದೆ. ಬೆಲೆ? ಒಂದು ಮಸಾಲೆ ದೋಸೆ, ಜೊತೆಗೆ ಕಾಫಿ ಬೇಕಾದರೆ ನೀವೇ ದುಡ್ಡು ಹಾಕಬೇಕು. ನಗಬೇಡಿ, ನಾನೂ ಶುರುವಿನಲ್ಲಿ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ಇದೇ 1880 ನೋಡಿ ನಾಲ್ಕು ಸಾವಿರ ಕೊಟ್ಟು ಬಂದವನು. ಮನೆಗೆ ಬಂದು ಭೂತಗನ್ನಡಿ ಹಿಡಿದರೆ ಕೊಂಡಿಯ ಹತ್ತಿರ ಇಂಗ್ಲಿಷಿನಲ್ಲಿ "ಇಟಲಿ" ಅಂತ ಒತ್ತಿದೆ. ಇಟಲಿಯವರು ತಮ್ಮೊಳಗೆ ಮಾರಲು ಇಂಗ್ಲಿಷಿನಲ್ಲಿ ಯಾಕೆ ಬರೆಯುತ್ತಾರೆ, ರಫ್ತಿಗೆ ಮಾಡಿದ ಮಾಲು.

ಈಗ ತಿರುಗಿ ಇನ್ನೊಂದು ಕಡೆಯ ತಪ್ಪು ತಿಳುವಳಿಕೆ. ನಾನು ಮಾಟ ಅಲ್ಲ ಅಂದ ಕೂಡಲೇ ನಿಮ್ಮಲ್ಲೇ ಯಾರೋ ಇಂಟರ್ನೆಟ್ ತೆಗೆದು ನೋಡುತ್ತಾರೆ. ಅಲ್ಲಿ "ದೆವ್ವ ಬಿಡಿಸುವ ಪದಕ", "ಧರಿಸಿದರೆ ಶತ್ರು ನಾಶ" ಅಂತೆಲ್ಲ ಮಾರುತ್ತಿರುತ್ತಾರೆ. ಆಗ ಭಯ ಹೋಗಿ ಆಸೆ ಬರುತ್ತದೆ. ಅದಕ್ಕೂ ಒಂದು ಮೂಲ ಇದೆ, ಪೂರ್ತಿ ಸುಳ್ಳಲ್ಲ. ಹಳೇ ಲ್ಯಾಟಿನ್ ವಿಧಿಯಲ್ಲಿ ಈ ಪದಕ ಆಶೀರ್ವದಿಸುವ ಪ್ರಾರ್ಥನೆ ಭೂತೋಚ್ಚಾಟನೆಯ ಮಾತಿನಿಂದಲೇ ಶುರುವಾಗುತ್ತದೆ. ಆದರೆ ಅದೇ ಹಳೇ ವಿಧಿಯಲ್ಲಿ ತೀರ್ಥಕ್ಕೆ ಹಾಕುವ ಉಪ್ಪಿಗೂ ನೀರಿಗೂ ಅದೇ ಮಾತು ಹೇಳುತ್ತಿದ್ದರು. ಉಪ್ಪಿಗೆ ದೆವ್ವ ಹಿಡಿದಿರುತ್ತದಾ? ಇಲ್ಲ. ವಸ್ತುವನ್ನು ದೇವರ ಕೆಲಸಕ್ಕೆ ಶುದ್ಧ ಮಾಡಿಕೊಳ್ಳುವ ರೀತಿ ಅದು. ನಾವು ಕಲಶ ಇಡುವ ಮೊದಲು ನೀರು ಪ್ರೋಕ್ಷಣೆ ಮಾಡುವ ಹಾಗೆ.

ಕ್ಯಾಥೊಲಿಕ್ ಸಭೆಯ ಮಾತು ಇಲ್ಲಿ ಸ್ಪಷ್ಟ. ಪದಕ ಪ್ರಾರ್ಥನೆಗೆ ನೆನಪು, ನಂಬಿಕೆಗೆ ಆಸರೆ. ತಾನಾಗಿ ಏನೂ ಮಾಡುವುದಿಲ್ಲ. ಅವರ ಧರ್ಮೋಪದೇಶದ ಅಧಿಕೃತ ಪುಸ್ತಕದ 2111ನೇ ಪರಿಚ್ಛೇದದಲ್ಲಿ, ಮನಸ್ಸು ಭಕ್ತಿ ಏನೂ ಇಲ್ಲದೆ ಹೊರಗಿನ ಆಚರಣೆಗೇ ಶಕ್ತಿ ಇದೆ ಅಂದುಕೊಂಡರೆ ಅದು ಮೂಢನಂಬಿಕೆ ಅಂತ ಬರೆದಿದೆ. ಆದರೂ ಹಳ್ಳಿಯ ಮನೆಗಳಲ್ಲಿ ತಾಯಿತದ ಥರ ಬಳಸುವವರು ಇಲ್ಲವಾ ಅಂದರೆ, ಇದ್ದಾರೆ. ಪುಸ್ತಕಕ್ಕೂ ಹೊಸ್ತಿಲಿಗೂ ನಡುವೆ ಯಾವ ಧರ್ಮದಲ್ಲೂ ಸ್ವಲ್ಪ ದೂರ ಇದ್ದೇ ಇರುತ್ತದೆ. ಪದಕ ಇದ್ದ ಮಾತ್ರಕ್ಕೆ ಯಾವ ಕೆಡುಕೂ ಬರುವುದಿಲ್ಲ ಅನ್ನುವುದಾದರೆ, 1944ರ ಫೆಬ್ರವರಿ 15ರಂದು ಮೊಂತೆ ಕಸಿನೊ ಮಠವೇ, ಈ ವಿನ್ಯಾಸ ಹುಟ್ಟಿದ ಜಾಗವೇ, ಎರಡನೇ ಮಹಾಯುದ್ಧದ ಬಾಂಬಿಗೆ ನೆಲಸಮ ಆಗುತ್ತಿರಲಿಲ್ಲ. ಆ ಬೆಟ್ಟದ ಬುಡದಲ್ಲಿ ನಮ್ಮ ನಾಲ್ಕನೇ ಇಂಡಿಯನ್ ಡಿವಿಷನ್ನಿನ ಹುಡುಗರೂ ಇದ್ದರು. ಮಠವನ್ನು ಆಮೇಲೆ ಇದ್ದ ಹಾಗೇ ಮತ್ತೆ ಕಟ್ಟಿದರು.

ಮಗನ ಜ್ವರ. ನಾನು ಡಾಕ್ಟರ್ ಅಲ್ಲ. ಆದರೆ ಅರವತ್ತು ವರ್ಷದ ಮನೆಯ ಹೊಸ್ತಿಲು ಕಿತ್ತಿದ್ದೀರಿ, ಗೆದ್ದಲು ಮಣ್ಣು, ಬೂಸ್ಟು, ಸುಣ್ಣದ ಧೂಳು ಎಲ್ಲ ಎದ್ದಿರುತ್ತದೆ, ಮಗು ಅಲ್ಲೇ ಓಡಾಡಿಕೊಂಡಿರುತ್ತದೆ. ಕೆಮ್ಮು ಬರಲು ಅಷ್ಟು ಸಾಕು. ಡಾಕ್ಟರಿಗೆ ತೋರಿಸಿ, ಮನೆ ಕೆಲಸದ ಧೂಳಿನ ವಿಷಯ ಮರೆಯದೆ ಹೇಳಿ.

ಇನ್ನು ಏನು ಮಾಡಬೇಕು ಅನ್ನುವುದು.

ನಾನಾಗಿದ್ದರೆ ಮೊದಲು ಅಜ್ಜಿಗೆ ಒಂದು ಫೋನ್ ಮಾಡುತ್ತಿದ್ದೆ. ಹೇಗೆ ಕೇಳುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. "ಹೊಸ್ತಿಲ ಕೆಳಗೆ ಏನಿಟ್ಟಿದ್ದಿರಿ" ಅಂದರೆ ಕೆಟ್ಟಿತು. "ಬಾಯಮ್ಮಾ, ನಿಮ್ಮದೊಂದು ಪದಕ ಸಿಕ್ಕಿದೆ, ಜೋಪಾನವಾಗಿ ಇಟ್ಟಿದ್ದೇವೆ, ಬೇಕಾ?" ಅಂತ ಕೇಳಿ. ಅವರ ಗಂಡನೋ ಮಾವನೋ ಕೈಯಾರೆ ಇಟ್ಟಿದ್ದಿರಬಹುದು. ನನ್ನ ಅನುಭವದಲ್ಲಿ ಇಂಥ ಫೋನಿಗೆ ಆಚೆ ಕಡೆಯವರು ಅತ್ತಿದ್ದು ಇದೆ, ಕೆಟ್ಟ ರೀತಿಯಲ್ಲಲ್ಲ. ಒಂದೇ ತೊಂದರೆ, ಮನೆಯಲ್ಲಿ ಅನುಮಾನ ಇನ್ನೂ ಬಿಸಿ ಇರುವಾಗ ಬೇರೆ ಯಾರಾದರೂ ಫೋನ್ ಕಿತ್ತುಕೊಂಡು ಮಾತಾಡಿದರೆ ಕೆಲಸ ಕೆಡುತ್ತದೆ. ಮೊದಲು ಮನೆಯವರಿಗೆ ಇದನ್ನು ಓದಿ ಹೇಳಿ, ಆಮೇಲೆ ಮಾಡಿ.

ಅವರು ಬೇಡ ಅಂದರೆ ಹತ್ತಿರದ ಇಗರ್ಜಿಗೆ ಕೊಡಬಹುದು. ಅತ್ತೂರಿನ ಸಂತ ಲಾರೆನ್ಸರ ಇಗರ್ಜಿ ನಿಮಗೆ ದೂರ ಇಲ್ಲ, ಜನವರಿಯ ಜಾತ್ರೆಗೆ ನೀವೂ ಮೇಣದಬತ್ತಿ ಹಚ್ಚಲು ಹೋಗಿರುತ್ತೀರಿ ಅಲ್ವಾ, ಹಾಗಾದರೆ ಹೊಸ ಜಾಗವೇನೂ ಅಲ್ಲ. ಫಾದರ್ ಕೈಗೆ ಕೊಟ್ಟು ಹೀಗೆ ಸಿಕ್ಕಿತು ಅಂದರೆ ಸಾಕು, ಯಾರೂ ಪ್ರಶ್ನೆ ಕೇಳುವುದಿಲ್ಲ. ಬೆಂಗಳೂರಿಗೆ ಬರುವುದಿದ್ದರೆ ಕೆಂಗೇರಿ ಕಡೆ ಆಶೀರ್ವನಂ ಅಂತ ಬೆನೆಡಿಕ್ಟೈನರದ್ದೇ ಮಠ ಇದೆ. ಕಸದ ಬುಟ್ಟಿಗೆ ಮಾತ್ರ ಹಾಕಬೇಡಿ. ಆಶೀರ್ವಾದ ಮಾಡಿಸಿದ ವಸ್ತು ಹಾಳಾದರೆ ಅವರಲ್ಲಿ ಮಣ್ಣಲ್ಲಿ ಹೂಳುತ್ತಾರೆ ಅಥವಾ ಸುಡುತ್ತಾರೆ. ನಾವು ಹಳೇ ದೇವರ ಫೋಟೋ ಕಟ್ಟೆಯ ಮೇಲಿಟ್ಟು ಬರುವುದಕ್ಕಿಂತ ಅದು ವಾಸಿ ಅನ್ನಿಸುತ್ತದೆ ನನಗೆ.

ಹೊಸ ಹೊಸ್ತಿಲ ಕೆಳಗೇ ವಾಪಸ್ ಇಡಬಹುದಾ? ಇಡಬಹುದು. ಬಿಲ್ಲೆಯಿಂದ ತೊಂದರೆ ಇಲ್ಲ. ಆದರೆ ಮನೆಯಲ್ಲಿ ಒಬ್ಬರಿಗೆ ಒಳಗೊಳಗೇ ಭಯ ಉಳಿದರೂ ನಾಳೆ ಹಾಲು ಒಡೆದರೂ ಅದನ್ನೇ ಬೈಯುತ್ತಾರೆ. ಎಲ್ಲರೂ ಒಪ್ಪಿದರೆ ಮಾತ್ರ ಇಡಿ. ಇಟ್ಟರೆ ಒಂದು ಸಣ್ಣ ಡಬ್ಬಿಯಲ್ಲಿ ಹಾಕಿ ಇಡಿ, ಇಲ್ಲವಾದರೆ ಹಸಿ ಸಿಮೆಂಟು ಮಿಕ್ಕಿದ್ದನ್ನೂ ತಿಂದುಹಾಕುತ್ತದೆ. ಮನೆ ಪತ್ರದ ಜೊತೆ ಒಂದು ಚೀಟಿಯನ್ನೂ ಬರೆದಿಡಿ, ಇಲ್ಲಿ ಇಂಥದ್ದು ಇದೆ, ಇಂಥವರು ಇಟ್ಟಿದ್ದು ಅಂತ. ಇನ್ನು ಐವತ್ತು ವರ್ಷಕ್ಕೆ ಮನೆ ಕೊಂಡವರು ನಿಮ್ಮ ಮೇಲೆ ಅನುಮಾನ ಪಡುವುದು ಬೇಡ.

ಮಾರುವುದು ದಂಡ. ದುಡ್ಡು ಬರುವುದಿಲ್ಲ, "ಹಳೇ ಮಾಂತ್ರಿಕ ಬಿಲ್ಲೆ" ಅಂತ ಹೇಳಿ ಮಾರಿದರೆ ನೀವೇ ಇನ್ನೊಂದು ಮನೆಗೆ ಭಯ ಕಳಿಸಿದ ಹಾಗೆ. ಆಶೀರ್ವಾದ ಮಾಡಿಸಿದ್ದನ್ನು ವ್ಯಾಪಾರಕ್ಕೆ ಇಟ್ಟರೆ ಕ್ಯಾಥೊಲಿಕರಿಗೂ ಬೇಸರ.

35 ಸಾವಿರದ ಪೂಜೆ. ನಾನು ಪೂಜೆಯ ವಿರೋಧಿ ಅಲ್ಲ. ಹೊಸ ಮನೆಗೆ ಗಣಹೋಮ ಮಾಡಿಸಬೇಕು ಅಂತ ಮೊದಲೇ ಇದ್ದರೆ ನಿಮ್ಮ ಭಟ್ಟರನ್ನೇ ಕರೆದು ಯಾವತ್ತಿನ ದಕ್ಷಿಣೆಗೆ ಮಾಡಿಸಿ, ಊಟ ಹಾಕಿಸಿ. ಆದರೆ ಮಾಟ ತೆಗೆಸುವ ಲೆಕ್ಕದಲ್ಲಿ ಮಾಡಿಸಿದರೆ ಅಲ್ಲಿಗೆ ಮುಗಿಯುವುದಿಲ್ಲ. ನಾಲ್ಕು ಮೂಲೆಯಲ್ಲೂ ಇದೆ ಅಂತ ಅವರು ಈಗಲೇ ಹೇಳಿಟ್ಟಿದ್ದಾರೆ ಗಮನಿಸಿ. ಜಾಗದ ನಾಲ್ಕು ಮೂಲೆಗೆ ಪದಕ ಹೂಳುವ ರೂಢಿ ಕ್ಯಾಥೊಲಿಕರಲ್ಲಿ ನಿಜವಾಗಿಯೂ ಇದೆ. ಹಾಗಾಗಿ ಅಗೆದರೆ ಸಿಕ್ಕರೂ ಸಿಗಬಹುದು. ಸಿಕ್ಕ ಕೂಡಲೇ ಅವರ ಮಾತು ನಿಜವಾಯಿತು, ರೇಟು ನಾಲ್ಕು ಪಟ್ಟು ಆಯಿತು. ಗಟ್ಟಿ ಇರುವ ಪಾಯ ಅಗೆಸಬೇಡಿ. ಅದರಿಂದ ಮನೆಗೆ ಆಗುವ ಹಾನಿ ಮಾತ್ರ ನಿಜವಾದ ಹಾನಿ.

ಮುಂದೆ ಅಟ್ಟ ಗುಡಿಸುವಾಗ ಮೊಟ್ಟೆಯಾಕಾರದ ಬಿಲ್ಲೆ ಸಿಕ್ಕಿ, ಅದರಲ್ಲಿ ಕೈ ಚಾಚಿ ನಿಂತ ತಾಯಿ, ಹಿಂದೆ ಎಂ ಅಕ್ಷರದ ಮೇಲೊಂದು ಶಿಲುಬೆ, ಸುತ್ತ ಹನ್ನೆರಡು ನಕ್ಷತ್ರ ಇದ್ದರೆ ಗಾಬರಿ ಬೀಳಬೇಡಿ. ಅದು ಮರಿಯಮ್ಮನ ಪದಕ, 1830ರಲ್ಲಿ ಪ್ಯಾರಿಸ್ಸಿನ ಕನ್ಯಾಮಠದಲ್ಲಿ ಕತ್ರೀನ್ ಲಬೂರೆ ಎಂಬ ಸನ್ಯಾಸಿನಿಗೆ ಆದ ದರ್ಶನದಿಂದ ಬಂದದ್ದು. ಆ ಕಥೆ ಬೇರೆ, ಇನ್ನೊಮ್ಮೆ ಬರೆಯುತ್ತೇನೆ.

ಹಾಂ, ಶಿಲುಬೆ ಕಡೆ ಕೆಳಮುಖವಾಗಿತ್ತು ಅಂದಿರಲ್ಲ, ಅದನ್ನು ಬಿಟ್ಟೆ. ಅದಕ್ಕೆ ಯಾವ ಅರ್ಥವೂ ಇಲ್ಲ. ಈ ಪದಕಕ್ಕೆ ಮೇಲು ಕೆಳಗು ಅಂತ ನಿಯಮ ಇಲ್ಲ. ಮೇಸ್ತ್ರಿ ಒಂದು ಕೈಯಲ್ಲಿ ಕರಣೆ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಹಸಿ ಗಾರೆಗೆ ಹಾಕಿರುತ್ತಾನೆ. ಹೇಗೆ ಬಿತ್ತೋ ಹಾಗೆ ಬಿದ್ದಿದೆ.